ಡ್ಯೂಟಿ ಮುಗಿದ ಮೇಲೆ ನಾವು ಯಾರ ನೌಕರರು?

ಮೇ ತಿಂಗಳ ಮೂರನೇ ವಾರ ಬೈಲಹೊಂಗಲದ ಕಾಕಾನ ಮನೆಗೆ ಹೋದಾಗ ಪಡಸಾಲೆಯಲ್ಲಿ ಯಾರೂ ಮಾತಾಡ್ತಾ ಇರಲಿಲ್ಲ. ಕಾಕು ಚಹಾ ತಂದಿಟ್ಟು ಸುಮ್ಮನೆ ಒಳಗೆ ಹೋದ್ರು. ಕಾಕಾನ ಮಗಳು, ಅಂದ್ರೆ ನನ್ನ ತಂಗಿ, ಮೊಬೈಲ್ ನನ್ನ ಕೈಗಿಟ್ಟು, “ನೋಡಣ್ಣಾ, ಇದಕ್ಕ ನನ್ನ ನೌಕರಿ ಹೊಂಟೈತಿ” ಅಂದಳು.

ನಲವತ್ತು ಸೆಕೆಂಡಿನ ವಿಡಿಯೊ. ರಾಮದುರ್ಗದಲ್ಲಿ ನಡೆದ ನಮ್ಮ ಬೀಗರ ಮನೆ ಮದುವೆ, ಅರಿಶಿನದ ದಿನ. ಡಿಜೆಯಲ್ಲಿ ನಮ್ಮ ಕಡೆಯ ಜಾನಪದ ಹಾಡು, ಹಳದಿ ಚೂಡಿದಾರ ಹಾಕಿಕೊಂಡ ಏಳೆಂಟು ಹುಡುಗಿಯರು, ನಡುವೆ ಇವಳು. ಚೆನ್ನಾಗಿಯೇ ಕುಣಿದಿದ್ದಾಳೆ. ಆ ಮದುವೆಗೆ ನಾನೂ ಹೋಗಿದ್ದೆ. ವಿಡಿಯೊದ ಮೂಲೆಯಲ್ಲಿ ಬಾಳೆಎಲೆ ಕಟ್ಟು ಹೊತ್ತು ಹೋಗುವ ನನ್ನ ಬೆನ್ನೂ ಕಾಣುತ್ತದೆ.

ಸಂಬಂಧಿಕರ ಹುಡುಗನೊಬ್ಬ ಅದನ್ನ ರೀಲ್ ಮಾಡಿ ಹಾಕಿದ್ದ. ತಂಗಿ ಕಲಿಸುವ ಖಾಸಗಿ ಶಾಲೆಯ ಮಗುವಿನ ಅಪ್ಪನೊಬ್ಬ ಅದನ್ನು ನೋಡಿ, ಪಾಲಕರ ವಾಟ್ಸ್‌ಆ್ಯಪ್ ಗ್ರೂಪಿಗೆ ತಳ್ಳಿದ. “ಪಾಠಾ ಹೇಳೂ ಅಕ್ಕೋರು ಹಿಂಗ ಕುಣದ್ರ ಮಕ್ಕಳು ಏನ್ ಕಲೀಬೇಕು?” ಅಂತ ಕೆಳಗೆ ಒಂದು ಸಾಲು. ಎರಡನೇ ದಿನ ಸಂಸ್ಥೆಯವರ ಫೋನ್. ಬೈಗುಳ ಇಲ್ಲ, ಗದರಿಕೆ ಇಲ್ಲ. “ಸಂಸ್ಥಾದ ಹೆಸರ ಪ್ರಶ್ನೆ ಐತ್ರಿ ಅಕ್ಕೋರ. ಸಾಲಿ ಚಾಲೂ ಆಗೂದ್ರಾಗ ರಾಜೀನಾಮೆ ಬರದ ಕೊಡ್ರಿ. ಕಾರಣ ವೈಯಕ್ತಿಕ ಅಂತ ಹಾಕ್ರಿ. ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಚಂದಂಗ ಕೊಡತೀವಿ.”

ಶಾಲೆ ಯಾವುದು, ಯಾವ ಊರು ಅಂತ ಬರೆಯುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲ್ಲೂಕಿನೊಳಗೆ ಒಬ್ಬರಿಗೊಬ್ಬರು ಗುರುತಿಲ್ಲದವರು ಕಡಿಮೆ. ಹೇಳಿದರೆ ತೊಂದರೆ ಅವಳಿಗೇ. ಬಿ.ಇಡಿ. ಮುಗಿಸಿ ನಾಲ್ಕು ವರ್ಷದಿಂದ ಅಲ್ಲೇ ಗಣಿತ ಹೇಳಿಕೊಡ್ತಾಳೆ, ಸಂಬಳ ಹನ್ನೊಂದು ಸಾವಿರ. ಮದುವೆ ನಡೆದದ್ದು ಬೇಸಿಗೆ ರಜೆಯಲ್ಲಿ. ಅಂದ್ರೆ ಶಾಲೆಗೆ ಬೀಗ ಹಾಕಿದ್ದಾಗ, ಶಾಲೆ ಇಲ್ಲದ ಊರಲ್ಲಿ, ತನ್ನದೇ ಮನೆಯವರ ನಡುವೆ ಅವಳು ಕುಣಿದದ್ದು.

ಕಾಕಾ ಅಷ್ಟು ಹೊತ್ತು ಸುಮ್ಮನಿದ್ದವರು ಕೊನೆಗೆ ಒಂದೇ ಮಾತು ಹೇಳಿದ್ರು. “ರಾಜೀನಾಮೆ ಬರಿಬ್ಯಾಡ. ತಪ್ಪ ಮಾಡೇನಿ ಅಂತಿದ್ರ ಚಾರ್ಜ್‌ಶೀಟ್ ಕೊಡ್ರಿ ಅನ್ನು.”

ಕಾಕಾ ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಚಾರ್ಜ್‌ಶೀಟ್ ಅಂದ್ರೇನು ಅಂತ ಅವರಿಗೆ ಅನುಭವದಿಂದ ಗೊತ್ತು. ಆ ಕತೆ ಮನೆಯಲ್ಲಿ ನಮಗೆಲ್ಲ ಬಾಯಿಪಾಠ. ನಾನು ಹುಟ್ಟುವ ಹೊತ್ತಿನದು. ಕಬ್ಬಿನ ಹಂಗಾಮು ಜೋರಿದ್ದಾಗಲೇ ಎರಡು ದಿನ ರಜೆ ಹಾಕಿ ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದರು. ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ಜಾಗಕ್ಕೆ ಜಗಳ ಆಯ್ತು. ಎದುರಿಗಿದ್ದ ಮನುಷ್ಯ ಅದೇ ಕಾರ್ಖಾನೆಯ ಟೈಮ್ ಆಫೀಸಿನ ಸೂಪರ್‌ವೈಸರ್. ಕಾಕಾ ಒಂದು ಏಟು ಹಾಕಿಬಿಟ್ಟರು. ವಾಪಸ್ ಬಂದ ದಿನವೇ ಸಸ್ಪೆಂಡ್, ಕೈಗೆ ಚಾರ್ಜ್‌ಶೀಟ್: ಮೇಲಿನವರ ಮೇಲೆ ಹಲ್ಲೆ, ಶಿಸ್ತುಭಂಗ.

ವಿಚಾರಣೆ ನಡೆಯಿತು. ಯೂನಿಯನ್ ಮುಖಂಡರು ಸ್ಥಾಯಿ ಆದೇಶದ ಪುಸ್ತಕ ತಂದು ಓದಿದರು. 1946ರ ಕಾಯ್ದೆಯ ಕೆಳಗೆ ಕಾರ್ಖಾನೆಗಳಲ್ಲಿ ಜಾರಿಗೆ ಬಂದ ಸ್ಥಾಯಿ ಆದೇಶಗಳು ಅಂದ್ರೆ ನೌಕರಿಯ ನಿಯಮಗಳ ಪುಸ್ತಕ. ಅದರ ಮಾದರಿ ಪಟ್ಟಿಯಲ್ಲಿ ದುಂಡಾವರ್ತನೆ ದುರ್ನಡತೆಯೇ, ಆದರೆ ‘ಕೆಲಸದ ವೇಳೆಯಲ್ಲಿ, ಸಂಸ್ಥೆಯೊಳಗೆ’ ಅನ್ನುವ ಅರ್ಥದ ಷರತ್ತು ಜೊತೆಗೇ ಇದೆ. ವಿಚಾರಣಾಧಿಕಾರಿ ಸೂಪರ್‌ವೈಸರ್‌ಗೆ ಕೇಳಿದರಂತೆ, ಜಗಳ ಕಾರ್ಖಾನೆಯ ವಿಷಯಕ್ಕೆ ಆಯ್ತೋ? “ಅಲ್ರಿ ಸಾಹೇಬ್ರ, ಟ್ರ್ಯಾಕ್ಟರ್ ಹಚ್ಚೂ ಜಾಗಕ್ಕ.” ಕೇಸು ಅಲ್ಲಿಗೆ ಬಿತ್ತು. ಅಲ್ಲಿವರೆಗೆ ಅರ್ಧ ಪಗಾರ ಸಿಗುತ್ತಿತ್ತು. ಅದೂ ಕಾಯ್ದೆಯ ಪ್ರಕಾರವೇ, ಮೊದಲ 90 ದಿನ ಶೇ 50, ಆಮೇಲೆ ಶೇ 75. ಉಳಿದದ್ದು ನಂತರ ಕೈಸೇರಿತು.

“ಹೊಡದದ್ದು ತಪ್ಪಲ್ಲೇನು ಕಾಕಾ?” ಅಂತ ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ.

“ತಪ್ಪಪ್ಪಾ. ಅದಕ್ಕ ಸವದತ್ತಿ ಕೋರ್ಟಿನ್ಯಾಗ ದಂಡಾ ಕಟ್ಟಿ ಬಂದೇನಿ. ಕಾರ್ಖಾನಿಗೂ ಯಾಕ ಕಟ್ಟಬೇಕು?”

ಕಾಕಾ ಗೆದ್ದದ್ದು ಅದೃಷ್ಟದಿಂದಲ್ಲ ಅಂತ ನನಗೆ ಗೊತ್ತಾಗಿದ್ದು ಈಗ, ತಂಗಿಯ ವಿಷಯಕ್ಕೆ ಕಾನೂನು ಹುಡುಕಲು ಕುಳಿತಾಗ. 1983ರಲ್ಲಿ ಸುಪ್ರೀಂ ಕೋರ್ಟ್ ಗ್ಲ್ಯಾಕ್ಸೊ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಇದೇ ಪ್ರಶ್ನೆ ನೋಡಿದೆ. ಮುಷ್ಕರದ ಸಮಯದಲ್ಲಿ ಕೆಲಸಕ್ಕೆ ಹೊರಟಿದ್ದ ಕಾರ್ಮಿಕರ ಮೇಲೆ ಫ್ಯಾಕ್ಟರಿಯ ಹೊರಗೆ ಹಲ್ಲೆ ನಡೆದಿತ್ತು ಅನ್ನೋದು ಆರೋಪ. ನ್ಯಾಯಮೂರ್ತಿ ಡಿ.ಎ. ದೇಸಾಯಿ ಅವರ ತೀರ್ಪಿನ ಸಾರ ಇಷ್ಟು: ಸ್ಥಾಯಿ ಆದೇಶದಲ್ಲಿ ಆವರಣ ಮತ್ತು ಅದರ ಆಸುಪಾಸು ಅಂತ ಇದ್ದರೆ ಅಲ್ಲಿಗೇ ಮುಗಿಯಿತು, ಮಾಲೀಕ ಊರಿನ ಕಾನೂನು ಸುವ್ಯವಸ್ಥೆ ಕಾಯುವವನೂ ಅಲ್ಲ, ಕಾರ್ಮಿಕರಿಗೆ ಸಂಸ್ಕಾರ ಕಲಿಸುವ ಗುರುವೂ ಅಲ್ಲ. ಹಾಗಂತ ಗೇಟು ದಾಟಿದ ಕೂಡಲೇ ಎಲ್ಲ ಮಾಫಿ ಅಂತಲೂ ಅಲ್ಲ. 1975ರ ಮುಲ್ಚಂದಾನಿ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್, ಹಲ್ಲೆ ಹೊರಗೆ ನಡೆದರೂ ಅದರಿಂದ ಕಾರ್ಖಾನೆಯೊಳಗಿನ ಶಿಸ್ತು ಕೆಡುವುದಾದರೆ ಅದು ದುರ್ನಡತೆಯೇ ಅಂದಿತ್ತು. ಅಂದ್ರೆ ಕೆಲಸಕ್ಕೂ ಆ ಘಟನೆಗೂ ನಂಟು ಇದೆಯಾ ಅಂತ ನೋಡಬೇಕು. ಕಾಕಾ ಅದೇ ಏಟನ್ನು ‘ನನ್ನ ಹಾಜರಿ ಯಾಕ ಕಟ್ ಮಾಡಿದಿ’ ಅಂತ ಹಾಕಿದ್ದರೆ ಕತೆ ಬೇರೆ ಆಗ್ತಿತ್ತೇನೋ.

ನೌಕರನ ಮನೆಯೊಳಗೆ ಇಣುಕುವ ಚಟ ಮಾಲೀಕರಿಗೆ ಹಳೆಯದು. 1914ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೊಡ್ತೀನಿ ಅಂದಾಗ, ಅದಕ್ಕೆ ಯೋಗ್ಯರೋ ಅಲ್ಲವೋ ನೋಡಲು ಕಂಪನಿಯ ಜನ ಕಾರ್ಮಿಕರ ಮನೆಗೆ ಹೋಗ್ತಿದ್ದರು. ಕುಡೀತಾರಾ, ಮನೆ ಸ್ವಚ್ಛ ಇದೆಯಾ, ಉಳಿತಾಯ ಎಷ್ಟು ಅಂತ ಬರೆದುಕೊಂಡು ಹೋಗ್ತಿದ್ದರು. ಈಗ ಯಾರೂ ಮನೆಗೆ ಬರಬೇಕಾಗಿಲ್ಲ. ರೀಲ್ ತಾನಾಗಿ ಅವರ ಮೊಬೈಲಿಗೆ ಹೋಗುತ್ತದೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ತಂಗಿಗೆ ಧೈರ್ಯ ಹೇಳುವಾಗ, ನನ್ನ ಪರಿಸ್ಥಿತಿ ಏನು ಅಂತ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಸೇರುವ ದಿನ ಓದದೇ ‘ಒಪ್ಪಿದ್ದೇನೆ’ ಒತ್ತಿದ್ದ ನೀತಿಸಂಹಿತೆ ಸಿಕ್ಕಿತು. ಕಂಪನಿಯ ಹೆಸರಿಗೆ ಕುಂದು ತರುವ ಯಾವುದೇ ನಡವಳಿಕೆಗೆ, ಅದು ಕಚೇರಿಯ ಒಳಗಾಗಲಿ ಹೊರಗಾಗಲಿ, ಕೆಲಸದಿಂದ ತೆಗೆಯುವವರೆಗೂ ಕ್ರಮ ಅಂತ ಇದೆ. ಕುಂದು ಅಂದ್ರೆ ಏನು, ಯಾರು ಅಳೆಯೋದು ಅಂತ ಎಲ್ಲೂ ಇಲ್ಲ. ಇನ್ನೊಂದು ವಿಷಯ ನಮ್ಮ ಐಟಿಯವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಕಾನನ್ನು ಉಳಿಸಿದ ಆ ಸ್ಥಾಯಿ ಆದೇಶದ ಕಾಯ್ದೆಯಿಂದ ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಮತ್ತು ಐಟಿ ಆಧಾರಿತ ಕಂಪನಿಗಳಿಗೆ ಐದು ವರ್ಷ ವಿನಾಯಿತಿ ಕೊಟ್ಟಿತು. 2019ರಲ್ಲಿ ಮುಂದುವರಿಸಿತು. 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷ ಕೊಟ್ಟಿತು. ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮಗಳ ಬಗ್ಗೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅಂತೆಲ್ಲ ಷರತ್ತುಗಳಿವೆ. 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ಕೇಂದ್ರದ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಏನೇ ಇರಲಿ, ಎಸ್ಸೆಸ್ಸೆಲ್ಸಿ ಓದಿದ ಫಿಟ್ಟರ್‌ಗೆ ಮೂವತ್ತು ವರ್ಷದ ಹಿಂದೆ ಸಿಕ್ಕಿದ ವಿಚಾರಣೆ, ಎಂಜಿನಿಯರಿಂಗ್ ಓದಿದ ನನಗೆ ಸಿಗುತ್ತದೆ ಅಂತ ನಾನು ಬೆಟ್ ಕಟ್ಟಲಾರೆ. ನಮ್ಮಲ್ಲಿ ಮಧ್ಯಾಹ್ನ ಎಚ್‌ಆರ್ ಕರೀತಾರೆ, ಸಂಜೆ ಐಡಿ ಕಾರ್ಡ್ ಕೆಲಸ ಮಾಡಲ್ಲ.

ಇಲ್ಲಿವರೆಗೆ ನಾನು ನ್ಯಾಯದ ಪರ ಅಂತ ನಿಮಗೆ ಅನಿಸಿರಬಹುದು. ಈಗ ನನ್ನ ವಿಷಯ ಹೇಳ್ತೀನಿ.

ಮೂರು ವರ್ಷದ ಹಿಂದೆ ಬೇರೆ ರಾಜ್ಯದ ಹುಡುಗನೊಬ್ಬ ಆಟೊ ಚಾಲಕರೊಬ್ಬರ ಕನ್ನಡವನ್ನೂ ಕನ್ನಡಿಗರನ್ನೂ ಕೀಳಾಗಿ ಬರೆದು ಪೋಸ್ಟ್ ಹಾಕಿದ್ದ. ಓದಿ ಮೈ ಉರಿಯಿತು. ಬರೀ ಉತ್ತರ ಬರೆದಿದ್ದರೆ ಮುಗೀತಿತ್ತು. ನಾನು ಸ್ಕ್ರೀನ್‌ಶಾಟ್ ತೆಗೆದೆ, ಲಿಂಕ್ಡ್‌ಇನ್‌ನಲ್ಲಿ ಅವನ ಕಂಪನಿ ಹುಡುಕಿದೆ, ಕಂಪನಿಯನ್ನ ಟ್ಯಾಗ್ ಮಾಡಿ ‘ಇಂಥವರನ್ನ ಇಟ್ಕೊಳ್ತೀರಾ?’ ಅಂತ ಕೇಳಿದೆ. ಸಾವಿರಾರು ಲೈಕು ಬಂದವು. ನಾಲ್ಕನೇ ದಿನ ಕಂಪನಿ ಉತ್ತರ ಕೊಟ್ಟಿತು, ಆತ ಈಗ ನಮ್ಮ ನೌಕರನಲ್ಲ ಅಂತ. ಆ ರಾತ್ರಿ ರೂಮಿನಲ್ಲಿ ಗೆಳೆಯರ ಜೊತೆ ಬಿರಿಯಾನಿ ತರಿಸಿ ತಿಂದೆವು. ಒಂದು ವಾರದ ಮೇಲೆ ಅವನಿಂದ ಮೆಸೇಜ್ ಬಂತು. ಬರೆದದ್ದು ತಪ್ಪು ಅಂತ ಒಪ್ಪಿಕೊಂಡಿದ್ದ. ಆಮೇಲೆ ಒಂದೇ ಪ್ರಶ್ನೆ: ನೀವು ನನಗೆ ಎಷ್ಟು ಬೇಕೋ ಅಷ್ಟು ಬೈಯಬಹುದಿತ್ತು, ಕೆಲಸ ಯಾಕೆ ತೆಗೆಸಿದಿರಿ?

ನಾನು ಉತ್ತರ ಕೊಡಲಿಲ್ಲ.

ತಂಗಿಯ ವಿಡಿಯೊ ನೋಡಿದ ದಿನ ಆ ಮೆಸೇಜ್ ನೆನಪಾಯಿತು. ನಾನು ಮಾಡಿದ್ದನ್ನೇ ಆ ಪಾಲಕನೂ ಮಾಡಿದ್ದ. ಅವನಿಗೂ ತಾನು ಒಳ್ಳೆಯದಕ್ಕೇ ಮಾಡಿದೆ ಅಂತಲೇ ಅನಿಸಿರಬೇಕು. ನಾನು ಕನ್ನಡ ಉಳಿಸಿದೆ, ಅವನು ಮಕ್ಕಳ ಸಂಸ್ಕಾರ ಉಳಿಸಿದ. ಕುಣಿದದ್ದೂ ಜನಾಂಗವೊಂದನ್ನು ಹೀಯಾಳಿಸಿದ್ದೂ ಒಂದೇ ಅಂತ ನಾನು ಹೇಳ್ತಿಲ್ಲ. ಅವಳದು ತಪ್ಪೇ ಅಲ್ಲ, ಅವನದು ತಪ್ಪು. ಆದರೆ ಎರಡೂ ಕಡೆ ಮಾಲೀಕ ತಪ್ಪನ್ನು ತೂಗಲಿಲ್ಲ. ಕೂಗು ಎಷ್ಟು ಜೋರಿದೆ ಅಂತ ಮಾತ್ರ ನೋಡಿದ. ‘ಸಂಸ್ಥೆಯ ಹೆಸರು’ ಅನ್ನೋದನ್ನೇ ಅಳತೆಗೋಲು ಮಾಡಿಕೊಂಡರೆ ಆಗೋದು ಹೀಗೆಯೇ. ಕೋಲ್ಕತ್ತದ ಸೇಂಟ್ ಕ್ಸೇವಿಯರ್ಸ್ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕಿಯೊಬ್ಬರು, ಇನ್‌ಸ್ಟಾಗ್ರಾಮ್‌ನಲ್ಲಿದ್ದ ಈಜುಡುಗೆಯ ಖಾಸಗಿ ಚಿತ್ರಗಳ ಬಗ್ಗೆ ವಿದ್ಯಾರ್ಥಿಯ ತಂದೆ ದೂರು ಕೊಟ್ಟ ಮೇಲೆ 2021ರಲ್ಲಿ ತಮ್ಮಿಂದ ಬಲವಂತವಾಗಿ ರಾಜೀನಾಮೆ ಪಡೆದರು ಅಂತ ಆರೋಪಿಸಿದ್ದರು. ವಿಶ್ವವಿದ್ಯಾಲಯ ಅದನ್ನು ನಿರಾಕರಿಸಿತು. ಅಲ್ಲೂ ಚರ್ಚೆ ಆಗಿದ್ದು ಪಾಠ ಹೇಗೆ ಮಾಡ್ತಿದ್ದರು ಅನ್ನೋದರ ಬಗ್ಗೆ ಅಲ್ಲ.

ಹಾಗಾದರೆ ಕೆಲಸದ ಹೊರಗೆ ಏನು ಮಾಡಿದರೂ ಮಾಲೀಕ ಕಣ್ಣುಮುಚ್ಚಿಕೊಂಡಿರಬೇಕಾ? ಇಲ್ಲಿ ನನ್ನ ತಲೆಯೂ ಪೂರ್ತಿ ತಿಳಿಯಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಒಬ್ಬ, ಮಹಿಳೆಯೊಬ್ಬರು ಹಾಕುವ ಬಟ್ಟೆಯ ವಿಷಯಕ್ಕೆ ಅವರ ಗಂಡನಿಗೆ ಮೆಸೇಜ್ ಕಳಿಸಿ, ಮುಖಕ್ಕೆ ಆ್ಯಸಿಡ್ ಹಾಕ್ತೀನಿ ಅನ್ನೋ ಅರ್ಥದ ಬೆದರಿಕೆ ಹಾಕಿದ. ಗಂಡ ಅದನ್ನು ಬಹಿರಂಗ ಮಾಡಿದರು, ಕಂಪನಿ ಅವನನ್ನ ತೆಗೆದುಹಾಕಿತು. ಅದಕ್ಕೆ ನನ್ನ ವಿರೋಧ ಇಲ್ಲ. ಅದೇ ಕಚೇರಿಯಲ್ಲಿ ಹೆಣ್ಣುಮಕ್ಕಳು ಅವನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡಬೇಕು. ಅವರನ್ನು ಕಾಯುವುದು ಕಂಪನಿಯ ಕರ್ತವ್ಯ. ಇಲ್ಲಿ ಹೆಸರಿನ ಪ್ರಶ್ನೆ ಆಮೇಲಿನದು.

2020ರ ಮಾರ್ಚ್ ನೆನಪಿದೆಯಾ? ಲಾಕ್‌ಡೌನ್ ಶುರುವಾದ ವಾರ. ಇನ್ಫೊಸಿಸ್‌ನ ಬೆಂಗಳೂರಿನ ಉದ್ಯೋಗಿಯೊಬ್ಬ, ಎಲ್ಲರೂ ಹೊರಗೆ ಹೋಗಿ ಬಾಯಿ ತೆರೆದು ಸೀನಿ ವೈರಸ್ ಹರಡಿ ಅಂತ ಫೇಸ್‌ಬುಕ್‌ನಲ್ಲಿ ಬರೆದ. ಪೊಲೀಸರು ಬಂಧಿಸಿದರು. ಕಂಪನಿ ಮೊದಲು ಬೇರೆ ಯಾರೋ ಇರಬಹುದು ಅಂದು, ತನಿಖೆ ಮಾಡಿ, ನಮ್ಮವನೇ ಅಂತ ಗೊತ್ತಾದ ಮೇಲೆ ತೆಗೆದುಹಾಕಿತು. ಬಂಧನ ಸರಿ. ಕೆಲಸ ಹೋಗಿದ್ದೂ ಸರಿಯೇ ಅಂತ ಆಗ ಖಂಡಿತ ಅಂದುಕೊಂಡಿದ್ದೆ. ಈಗ ಕೇಳಿದರೆ, ಕಂಪನಿ ಆತುರ ಮಾಡದೆ ಮೊದಲು ಆಳು ಯಾರು ಅಂತ ಖಾತ್ರಿ ಮಾಡಿಕೊಂಡಿತಲ್ಲ, ಅದು ಮೆಚ್ಚುವಂಥದ್ದು ಅಂತ ಹೇಳಿಯೇನು; ಉಳಿದದ್ದಕ್ಕೆ ಉತ್ತರ ಹೊಳೆಯುವುದಿಲ್ಲ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್–ದೆಹಲಿ ಏರ್ ಇಂಡಿಯಾ ವಿಮಾನದಲ್ಲಿ ವೃದ್ಧೆಯೊಬ್ಬರ ಮೇಲೆ ಮೂತ್ರ ಮಾಡಿದ ಆರೋಪದ ಮೇಲೆ ಬೆಂಗಳೂರಿನಲ್ಲಿ ಸಿಕ್ಕಿಬಿದ್ದವನನ್ನ ವೆಲ್ಸ್ ಫಾರ್ಗೊ ಕಂಪನಿ ತೆಗೆದಾಗಲೂ ಊರಿಗೂರೇ ಚಪ್ಪಾಳೆ ಹೊಡೆಯಿತು. ದೊಡ್ಡ ಹುದ್ದೆ, ದೊಡ್ಡ ಸಂಬಳ. ಚಪ್ಪಾಳೆ ಸುಲಭ. ಅದೇ ಚಪ್ಪಾಳೆ ಹನ್ನೊಂದು ಸಾವಿರದ ನೌಕರಿಯವರೆಗೂ ಇಳಿದು ಬರುತ್ತದೆ ಅಂತ ನನಗೆ ಆಗ ಹೊಳೆದಿರಲಿಲ್ಲ.

ಸರ್ಕಾರಿ ನೌಕರರದು ಬೇರೆಯೇ ಲೋಕ. ಅವರಿಗೆ ನಡತೆ ನಿಯಮಗಳಿವೆ. ರಾಜಕೀಯದಿಂದ ದೂರ ಇರಬೇಕು, ಸರ್ಕಾರವನ್ನ ಟೀಕಿಸಬಾರದು. 2023ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದ ದಿನಗಳಲ್ಲೇ ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು, ಯಾವ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯದ ಸಾಲ ಎಷ್ಟು ಅಂತ ಪೋಸ್ಟ್ ಹಾಕಿ ಅಮಾನತಾದರು. ಅದಕ್ಕೂ ಹಿಂದೆ, ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಎಂ.ಎಚ್. ದೇವೇಂದ್ರಪ್ಪ ಅವರು ನಿಗಮದ ಮುಖ್ಯಸ್ಥರ ವಿರುದ್ಧ ರಾಜ್ಯಪಾಲರಿಗೆ ಪತ್ರ ಬರೆದು, ಪತ್ರಿಕಾ ಹೇಳಿಕೆ ಕೊಟ್ಟು ವಜಾ ಆಗಿದ್ದರು; 1998ರಲ್ಲಿ ಸುಪ್ರೀಂ ಕೋರ್ಟ್ ಆ ವಜಾ ಸರಿ ಅಂದಿತು. ಒಪ್ಪೋದು ಬಿಡೋದು ಬೇರೆ. ಅವರಿಗೆ ನಿಯಮ ಏನು ಅಂತ ಮೊದಲೇ ಬರೆದಿಟ್ಟಿರುತ್ತದೆ, ಮೇಲ್ಮನವಿಗೆ ನ್ಯಾಯಮಂಡಳಿ ಇದೆ. ಖಾಸಗಿಯಲ್ಲಿ ಮದುವೆಗೆ ಹೋಗುವ ಮೊದಲು ಯಾವ ಪುಸ್ತಕ ತೆಗೆದು ನೋಡಬೇಕು? ಅಮೆರಿಕದ ನ್ಯೂಯಾರ್ಕ್, ಕೊಲೊರಾಡೊದಂಥ ಕೆಲವು ರಾಜ್ಯಗಳಲ್ಲಿ, ಕೆಲಸದ ವೇಳೆಯ ಹೊರಗೆ ಕಾನೂನುಬದ್ಧವಾಗಿ ಮಾಡಿದ ಇಂಥ ಚಟುವಟಿಕೆಗಳಿಗೆ ನೌಕರಿಯಿಂದ ತೆಗೆಯಬಾರದು ಅಂತ ಕಾಯ್ದೆಯೇ ಇದೆ. ನಮ್ಮಲ್ಲೂ ಅಂಥ ಒಂದು ಸಾಲು ಬೇಕು ಅನ್ನೋದು ನನ್ನ ಅಭಿಪ್ರಾಯ. ಮಾಲೀಕರಿಗೆ ಹೊರಗಿನ ನಡತೆಯನ್ನು ಪ್ರಶ್ನಿಸಬೇಕಾದರೆ, ಅದರಿಂದ ಈ ಕೆಲಸಕ್ಕೆ, ಇಲ್ಲಿಯ ಜನಕ್ಕೆ ಏನು ಅಪಾಯ ಅಂತ ಅವರೇ ತೋರಿಸಲಿ. ಬರೆದು ಕೊಡಲಿ, ಉತ್ತರ ಕೇಳಲಿ.

ತಂಗಿಯ ವಿಷಯಕ್ಕೆ ಬರ್ತೀನಿ. ಖಾಸಗಿ ಶಾಲೆಯವರಿಗೆ ಯಾವ ರಕ್ಷಣೆಯೂ ಇಲ್ಲ ಅಂತ ನಾವೆಲ್ಲ ನಂಬಿದ್ದೆವು. ಹಾಗೇನಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಸೆಕ್ಷನ್ ಪ್ರಕಾರ ಖಾಸಗಿ ಸಂಸ್ಥೆ ಕೂಡ ಆರೋಪ ತಿಳಿಸದೆ, ವಿಚಾರಣೆ ಮಾಡದೆ ನೌಕರರನ್ನ ವಜಾ ಮಾಡುವಂತಿಲ್ಲ. ಮಾಡಿದರೆ 94ನೇ ಸೆಕ್ಷನ್‌ನಲ್ಲಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು; ಜಿಲ್ಲಾ ನ್ಯಾಯಾಧೀಶರೇ ಅದನ್ನು ನೋಡುತ್ತಾರೆ. ಅವಳ ಶಾಲೆ ರಾಜ್ಯ ಪಠ್ಯಕ್ರಮದ್ದು, ಹಾಗಾಗಿ ಈ ದಾರಿ ಅವಳಿಗಿತ್ತು. ಆದರೆ ಒಂದು ಗಮನಿಸಿ, ಓದುಗರಲ್ಲಿ ಶಿಕ್ಷಕಿಯರಿದ್ದರೆ ವಿಶೇಷವಾಗಿ: ಈ ರಕ್ಷಣೆ ಇರುವುದು ತೆಗೆದುಹಾಕಿದವರಿಗೆ. ತಾನೇ ರಾಜೀನಾಮೆ ಬರೆದುಕೊಟ್ಟವರು, ಅದು ಬಲವಂತದ್ದು ಅಂತ ತಾವೇ ಸಾಬೀತು ಮಾಡುತ್ತಾ ಕೂರಬೇಕು. ಫೋನಿನಲ್ಲಿ ಅಷ್ಟು ನಯವಾಗಿ ‘ವೈಯಕ್ತಿಕ ಕಾರಣ ಅಂತ ಹಾಕ್ರಿ’ ಅಂದದ್ದು ಸುಮ್ಮನೆ ಅಲ್ಲ.

ಅವಳ ಹತ್ತಿರ ನೇಮಕಾತಿ ಆದೇಶವೇ ಇರಲಿಲ್ಲ. ಕೇಳಿದಾಗಲೆಲ್ಲ ಕೊಡ್ತೀವಿ ಅಂದಿದ್ದರಂತೆ. ಸಂಬಳ ಬ್ಯಾಂಕಿಗೆ ಬರ್ತಿತ್ತು, ಪಾಸ್‌ಬುಕ್ಕಿನ ಜೆರಾಕ್ಸ್ ಮಾಡಿಸಿದೆವು. ಹಾಜರಿ ಪುಸ್ತಕದ ಫೋಟೊ ಅವಳ ಗೆಳತಿ ಕಳಿಸಿದಳು. ಬೈಲಹೊಂಗಲದ ವಕೀಲರೊಬ್ಬರು ಒಂದು ಪುಟದ ಪತ್ರ ಬರೆದುಕೊಟ್ಟರು: ನನ್ನ ಮೇಲೆ ಆರೋಪ ಇದ್ದರೆ ಲಿಖಿತವಾಗಿ ಕೊಡಿ, ಉತ್ತರಿಸುತ್ತೇನೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ಅವಳು ಶಾಲೆ ಶುರುವಾದ ದಿನ ಎಂದಿನಂತೆ ಒಂಬತ್ತೂವರೆಗೆ ಹೋದಳು. ಕಾಕಾ ಬೈಕಿನಲ್ಲಿ ಬಿಟ್ಟು ಗೇಟಿನ ಎದುರಿನ ಚಹಾದಂಗಡಿಯಲ್ಲಿ ಮಧ್ಯಾಹ್ನದವರೆಗೂ ಕೂತಿದ್ದರಂತೆ.

ಯಾರೂ ಹೊರಗೆ ಹಾಕಲಿಲ್ಲ, ಒಳಗೂ ಸೇರಿಸಿಕೊಳ್ಳಲಿಲ್ಲ. ಹತ್ತು ದಿನ ಸ್ಟಾಫ್ ರೂಮಿನಲ್ಲಿ ಕೂರಿಸಿದರು. ಟೈಮ್‌ಟೇಬಲ್‌ನಲ್ಲಿ ಅವಳ ಹೆಸರೇ ಇರಲಿಲ್ಲ. ಹನ್ನೊಂದನೇ ದಿನ ಇಬ್ಬರು ತಾಯಂದಿರು ಬಂದು, ನಮ್ಮ ಮಕ್ಕಳಿಗೆ ಗಣಿತ ಈ ಅಕ್ಕೋರೇ ಹೇಳಬೇಕು ಅಂದರು. ಅವರಲ್ಲೊಬ್ಬರು ಆ ವಿಡಿಯೊ ನೋಡಿ, “ಚಲೋ ಕುಣದೀರಿ ಬಿಡ್ರಿ ಅಕ್ಕೋರ” ಅಂತಲೂ ಅಂದರಂತೆ. ಈಗ ಅವಳಿಗೆ ಎರಡನೇ, ಮೂರನೇ ತರಗತಿ ಕೊಟ್ಟಿದ್ದಾರೆ. ಮೊದಲು ಏಳನೇ ತರಗತಿವರೆಗೆ ಹೇಳ್ತಿದ್ದಳು. ಚಾರ್ಜ್‌ಶೀಟ್ ಬರಲೇ ಇಲ್ಲ, ಪತ್ರಕ್ಕೆ ಉತ್ತರವೂ ಇಲ್ಲ. ಸಂಜೆ ಟಿಇಟಿಗೆ ಓದ್ತಿದ್ದಾಳೆ. ಶ್ರಾವಣದಲ್ಲಿ ಕಿತ್ತೂರಿನಲ್ಲಿ ಇನ್ನೊಂದು ಮದುವೆ ಇತ್ತು. ಡಿಜೆ ಶುರುವಾದಾಗ ಅವಳು ಅಡುಗೆ ಮನೆ ಕಡೆ ಎದ್ದು ಹೋದಳು. ಕಾಕು ಕರೆದರೂ ಬರಲಿಲ್ಲ.

ಆ ಮದುವೆಯಿಂದ ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಹಳೆಯ ಪೋಸ್ಟ್ ಅಳಿಸಿದೆ. ಬೇರೆಯವರು ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್‌ಗಳು ಇನ್ನೂ ಅಲ್ಲಲ್ಲಿ ಇವೆ. ಅವನ ಹೆಸರು ಹುಡುಕಿದರೆ ಇವತ್ತಿಗೂ ಮೊದಲು ಬರೋದು ಅದೇ. ಮೂರು ವರ್ಷದ ಹಿಂದಿನ ಆ ಮೆಸೇಜಿಗೆ ಉತ್ತರ ಬರೆದೆ. ಕ್ಷಮೆ ಕೇಳಿ, ಈಗ ಎಲ್ಲಿ ಕೆಲಸ ಮಾಡ್ತಿದ್ದೀರಿ, ನನ್ನಿಂದ ಏನಾದರೂ ಆಗೋದಿದ್ದರೆ ಹೇಳಿ ಅಂತ ಕೇಳಿದೆ. ಅವನು ನೋಡಿದ್ದಾನೆ. ಉತ್ತರ ಬಂದಿಲ್ಲ.